ಗಡುವು ಮುಗಿದ ಮೇಲೂ ಉಳಿಯುವ ಹೊಣೆ



ಕಾಯಕವೆಂದೊಡನೆ ನಮ್ಮ ಚಿತ್ತ ದುಡಿಯುವವನತ್ತ ಹರಿಯುತ್ತದೆ. ನೇಯುವವನ ಮಗ್ಗ, ಹೊಸೆಯುವವನ ಹಗ್ಗ, ಹೊಲಿಯುವವನ ಸೂಜಿ ಕಣ್ಣೆದುರು ಬರುತ್ತವೆ. ಆದರೆ ಮಾಡಿದ ವಸ್ತು ಮಾಡಿದವನ ಮನೆಯಲ್ಲಿ ನಿಲ್ಲುವುದಿಲ್ಲ. ಅದು ಇನ್ನೊಬ್ಬರ ಮನೆ ಸೇರಿ ಅಲ್ಲಿ ದುಡಿಯತೊಡಗುತ್ತದೆ. ಅಲ್ಲಿ ಅದು ಕೆಟ್ಟರೆ, ಅದರಲ್ಲೂ ಮಾಡಿದವನಿಗೆ ಮೊದಲೇ ಗೊತ್ತಿದ್ದ ಕೊರತೆಯಿಂದಲೇ ಕೆಟ್ಟರೆ, ಅವನ ಕಾಯಕದ ಹೊಣೆ ಎಲ್ಲಿಯವರೆಗೆ? ಈ ಪ್ರಶ್ನೆ ಕಳೆದ ಎರಡು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ಕಾಡಲು ಕಾರಣ ನಮ್ಮ ಮನೆಯ ಕಾರಿನ ಸ್ಟೇರಿಂಗು.

ಬೈಲಹೊಂಗಲ, ಸವದತ್ತಿ ಸೀಮೆಯ ಹಿರಿಯರಿಗೆ ಆಯದ ಪದ್ಧತಿ ನೆನಪಿರುತ್ತದೆ. ಬಡಿಗೇರ, ಕಮ್ಮಾರ ಮೊದಲಾದ ಆಯಗಾರರು ವರ್ಷವಿಡೀ ರೈತನ ಕೂರಿಗೆ, ಕುಂಟೆ, ಚಕ್ಕಡಿಗಳನ್ನು ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ರಾಶಿಯಾದಾಗ ಕಣಕ್ಕೆ ಬಂದು ತಮ್ಮ ಪಾಲಿನ ಕಾಳನ್ನು ಒಯ್ಯುತ್ತಿದ್ದರು. ಗಾಲಿಯ ಅರ ಸಡಿಲಾದರೆ, ಕಬ್ಬಿಣದ ಹಳಿ ಜಾರಿದರೆ, ಇದು ಮಾಡಿಕೊಟ್ಟು ಎಷ್ಟು ತಿಂಗಳಾಯಿತು ಎಂದು ಲೆಕ್ಕ ಹಾಕುವವರು ಇರಲಿಲ್ಲ. ಹಣ ಒಮ್ಮೆ ಸಂದು ಮುಗಿಯುವ ವ್ಯವಹಾರವೇ ಅದಾಗಿರಲಿಲ್ಲ. ಕೆಟ್ಟ ಗಾಲಿ ಮಾಡಿದವನು ಮುಂದಿನ ಸುಗ್ಗಿಗೆ ಅದೇ ಕಣದಲ್ಲಿ ನಿಂತು ಅದೇ ರೈತನ ಮುಖ ನೋಡಬೇಕಿತ್ತು. ಈ ಪದ್ಧತಿಯನ್ನು ನಾನು ಹೊಗಳಿ ಹಾಡಲಾರೆ. ಅದರಲ್ಲಿ ಜಾತಿಯ ಕಟ್ಟು ಇತ್ತು, ಕೊಡುವವನ ದರ್ಪವಿತ್ತು, ಬರಗಾಲದಲ್ಲಿ ಆಯಗಾರನ ಒಲೆ ಮೊದಲು ಆರುತ್ತಿತ್ತು. ಆದರೂ ಮಾಡಿದವನಿಗೂ ಬಳಸುವವನಿಗೂ ನಡುವೆ ಅಂತರ ಇರಲಿಲ್ಲವೆಂಬುದಂತೂ ನಿಜ.

ಇಂದಿನ ಕಾರು ಎಲ್ಲಿಯೋ ತಯಾರಾಗಿ, ಮಾರಾಟಗಾರನ ಕೈಯಿಂದ ನಮಗೆ ಬರುತ್ತದೆ. ಆ ಅಂತರವನ್ನು ತುಂಬಲು ಕೊಟ್ಟ ಕಾಗದವೇ ವಾರಂಟಿ. ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್, ಯಾವುದು ಮೊದಲೋ ಅದು. ಅಷ್ಟರೊಳಗೆ ಬಿಡಿಭಾಗದಲ್ಲಿ ದೋಷ ಕಂಡರೆ ಉಚಿತವಾಗಿ ಸರಿಪಡಿಸುವ ವಚನ ಅದು. ಟೈರು, ಬ್ರೇಕಿನ ಪ್ಯಾಡು, ಕ್ಲಚ್ಚಿನ ತಟ್ಟೆ, ವೈಪರಿನ ರಬ್ಬರು ಇವೆಲ್ಲ ಸವೆಯುವ ವಸ್ತುಗಳು. ಇವುಗಳಿಗೆ ಆ ವಚನ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅನ್ವಯಿಸಬೇಕೆಂದು ಕೇಳುವುದೂ ನ್ಯಾಯವಲ್ಲ. ಸವೆತ ಬೇರೆ, ದೋಷ ಬೇರೆ. ಎಂಟು ವರ್ಷ ಓಡಿದ ಕಾರಿನ ಸಸ್ಪೆನ್ಷನ್ ಬುಷ್ ಹರಿದರೆ ಕಂಪನಿಯನ್ನು ಬಯ್ಯುವವರನ್ನು ಕಂಡಿದ್ದೇನೆ. ಅವರ ಪಕ್ಷ ನಾನು ವಹಿಸಲಾರೆ.

ನಮ್ಮ ಕಾರು ಕೊಂಡದ್ದು 2020ರ ದೀಪಾವಳಿಗೆ. ಮೂರು ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ. 2023ರ ಮಳೆಗಾಲದಲ್ಲಿ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಮರಳುವಾಗ, ಮೀಟರಿನ ಫಲಕದಲ್ಲಿ ಸ್ಟೇರಿಂಗಿನ ಚಿತ್ರವುಳ್ಳ ದೀಪ ಹತ್ತಿ, ಸ್ಟೇರಿಂಗು ಕ್ಷಣಮಾತ್ರದಲ್ಲಿ ಕಲ್ಲಿನಂತೆ ಬಿಗಿಯಿತು. ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಎಲ್ಲವೂ ಮೊದಲಿನಂತಾಯಿತು. ಮರುವಾರ ನಗರದ ಸರ್ವಿಸ್ ಸೆಂಟರಿಗೆ ಒಯ್ದರೆ ದೋಷವೇನೂ ಕಾಣುತ್ತಿಲ್ಲವೆಂದರು. ಬ್ಯಾಟರಿ ಪರೀಕ್ಷಿಸಿದರು, ಸಾಫ್ಟ್‌ವೇರ್ ಹೊಸದು ಹಾಕಿದರು. ಮನೆಯವರು ಮಾತ್ರ ಪಟ್ಟು ಹಿಡಿದರು: ‘ನಾವು ಹೇಳಿದ್ದನ್ನ ಹೇಳಿದಂಗ ಬರಕೋರಿ. ಸ್ಟೇರಿಂಗ್ ಬಿಗೀತು, ದೀಪ ಹತ್ತಿತು ಅಂತ ಕಾರ್ಡಿನಾಗ ಬರೀಲಾರದ ಗಾಡಿ ಒಯ್ಯೂದಿಲ್ಲ.’ ಸಲಹೆಗಾರ ಹುಡುಗ ನಕ್ಕು ಬರೆದುಕೊಟ್ಟ. ಆ ಒಂದು ಸಾಲು ಮುಂದೆ ನಮಗೆ ಎಷ್ಟು ಬೆಲೆಯದ್ದಾಯಿತೆಂಬುದನ್ನು ಹೇಳುತ್ತೇನೆ.

2024ರ ಜನವರಿಯಲ್ಲಿ, ವಾರಂಟಿ ಮುಗಿದು ಎರಡು ತಿಂಗಳಾದ ಮೇಲೆ, ಸವದತ್ತಿಯ ಯಲ್ಲಮ್ಮನ ಗುಡ್ಡದ ತಿರುವಿನಲ್ಲಿ ಅದೇ ಘಟನೆ ಮರುಕಳಿಸಿತು. ಈ ಸಲ ಆರಿಸಿ ಹಚ್ಚಿದರೂ ಸರಿಯಾಗಲಿಲ್ಲ. ದೇವರ ದಯೆಯಿಂದ ವೇಗ ಕಡಿಮೆಯಿತ್ತು. ಇಂದಿನ ಬಹುಪಾಲು ಕಾರುಗಳಲ್ಲಿ ಸ್ಟೇರಿಂಗಿಗೆ ನೆರವಾಗುವುದು ಒಂದು ವಿದ್ಯುತ್ ಮೋಟಾರು. ನಾವು ಎಷ್ಟು ಬಲದಿಂದ ತಿರುಗಿಸುತ್ತಿದ್ದೇವೆಂದು ಒಂದು ಸೆನ್ಸರು ಅಳೆಯುತ್ತದೆ, ಅದರಂತೆ ಮೋಟಾರು ಕೈಗೂಡಿಸುತ್ತದೆ. ಸೆನ್ಸರಿನ ಸಂಕೇತ ತಪ್ಪಿದರೆ ಗಣಕಭಾಗವು ಅಪಾಯವೆಂದೆಣಿಸಿ ಮೋಟಾರನ್ನೇ ನಿಲ್ಲಿಸಿಬಿಡುತ್ತದೆ. ಆಗಲೂ ಚಕ್ರ ತಿರುಗುತ್ತದೆ, ಆದರೆ ಪೂರ್ತಿ ಭಾರ ತೋಳಿನ ಮೇಲೆ ಬೀಳುತ್ತದೆ. ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಆ ಭಾರ ಅತಿ ಹೆಚ್ಚು. ವಯಸ್ಸಾದವರ ಕೈಯಲ್ಲಿ, ಗುಡ್ಡದ ತಿರುವಿನಲ್ಲಿ ಇದು ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಸರ್ವಿಸ್ ಸೆಂಟರಿನವರು ಹೇಳಿದ ವೆಚ್ಚ 41,600 ರೂ. ಸೆನ್ಸರು ಬಿಡಿಯಾಗಿ ಬರುವುದಿಲ್ಲ, ಸ್ಟೇರಿಂಗ್ ಕಾಲಂ ಇಡಿಯಾಗಿ ಬದಲಿಸಬೇಕು. ನಾನು ಮಾತಿಗೆ ಕೇಳಿದೆ, ಇದು ಬೇರೆಯವರಿಗೂ ಆಗಿದೆಯೇ ಎಂದು. ಆ ಹುಡುಗ ಸುತ್ತ ನೋಡಿ ಮೆಲ್ಲಗೆ ಅಂದ: ‘ಈ ಮಾಡಲ್‌ದಾಗ ಇದು ಕಾಮನ್ ಐತ್ರಿ ಸರ. ತಿಂಗಳಿಗೆ ಎರಡು ಮೂರು ಬರತಾವು.’

ಅದೇ ದಿನ, ಕಾಯುವ ಕೋಣೆಯಲ್ಲಿ ನನ್ನ ಪಕ್ಕ ರಾಮದುರ್ಗ ತಾಲೂಕಿನ ಒಬ್ಬ ಯುವಕ ಕುಳಿತಿದ್ದ. ನೇಕಾರ ಮನೆತನದವನು. ಮಗ್ಗದಿಂದ ಹೊಟ್ಟೆ ತುಂಬದೆ ಸಾಲ ಮಾಡಿ ಅದೇ ಮಾದರಿಯ ಕಾರು ಕೊಂಡು, ತಾನೇ ಓಡಿಸಿ, ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರ ಬಾಡಿಗೆಯಿಂದ ಸಂಸಾರ ನಡೆಸುತ್ತಿದ್ದ. ಅವನ ಗಾಡಿಗೂ ಅದೇ ರೋಗ. ಅವನದು ಕೊಂಡು ಎರಡು ವರ್ಷ ಒಂದು ತಿಂಗಳಿಗೇ 1 ಲಕ್ಷ ಕಿಲೋಮೀಟರ್ ದಾಟಿತ್ತು. ‘ಯಾವುದು ಮೊದಲೋ ಅದು’ ಎಂಬ ಮಾತು ಯಾರ ಮೇಲೆ ಮೊದಲು ಬೀಳುತ್ತದೆಂದು ಅಂದು ಅರಿತೆ. ವಾರಕ್ಕೊಮ್ಮೆ ಕಾರು ತೆಗೆಯುವ ನಿವೃತ್ತ ಮಾಸ್ತರನಿಗೆ ಮೂರು ವರ್ಷ ಪೂರ್ತಿ ಸಿಗುತ್ತದೆ, ದುಡಿದು ಉಣ್ಣುವವನಿಗೆ ಸಿಗುವುದಿಲ್ಲ. ಬನದ ಹುಣ್ಣಿಮೆ ಕಳೆದಿತ್ತು, ಭಾರತ ಹುಣ್ಣಿಮೆ ಮುಂದಿತ್ತು. ಅವನ ವರ್ಷದ ಗಳಿಕೆಯ ದೊಡ್ಡ ಪಾಲು ಆ ಎರಡು ಜಾತ್ರೆಗಳ ನಡುವೆಯೇ ಬರುವುದು. ‘ಸರ, ಗಾಡಿ ನಿಂತರ ಕಂತು ನಿಲ್ಲಂಗಿಲ್ಲಲ್ರಿ’ ಎಂದ. ಸಹಕಾರಿ ಸಂಘದಲ್ಲಿ ಕೈಸಾಲ ತೆಗೆದು 44,000 ರೂ. ತೆತ್ತು ಗಾಡಿ ಬಿಡಿಸಿಕೊಂಡ.

ಇಲ್ಲಿ ಗೊತ್ತಿದ್ದ ದೋಷವೆಂದರೇನೆಂದು ಸ್ವಲ್ಪ ಬಿಡಿಸಿ ನೋಡಬೇಕು. ಒಂದೇ ಭಾಗ, ಒಂದೇ ರೀತಿಯಲ್ಲಿ, ಹಲವು ಊರುಗಳಲ್ಲಿ ಕೆಡುತ್ತಿದ್ದರೆ ಆ ಸುದ್ದಿ ಮೊದಲು ಮುಟ್ಟುವುದು ತಯಾರಕನಿಗೆ. ವಾರಂಟಿಯಲ್ಲಿ ಬದಲಿಸಿದ ಪ್ರತಿಯೊಂದು ಭಾಗದ ಲೆಕ್ಕವೂ ಅವನ ಬಳಿ ಇರುತ್ತದೆ. ಆಗ ಅವನು ಸರ್ವಿಸ್ ಸೆಂಟರುಗಳಿಗೆ ಸೂಚನಾಪತ್ರ ಕಳುಹಿಸುವುದುಂಟು, ಭಾಗವನ್ನು ತಿದ್ದಿ ಹೊಸ ಸಂಖ್ಯೆ ಕೊಡುವುದೂ ಉಂಟು. ನಮಗೆ ಕೊಟ್ಟ ಅಂದಾಜುಪಟ್ಟಿಯಲ್ಲಿದ್ದ ಭಾಗದ ಸಂಖ್ಯೆಯ ಕೊನೆಯ ಅಕ್ಷರ, ಹಳೆಯ ಕಾಲಂನ ಮೇಲೆ ಅಚ್ಚಾಗಿದ್ದ ಅಕ್ಷರಕ್ಕಿಂತ ಬೇರೆಯಾಗಿತ್ತು. ಬಿಡಿಭಾಗದ ಕೌಂಟರಿನಲ್ಲಿ ಕೇಳಿದಾಗ, ಹಳೆಯದು ನಿಂತಿದೆ, ಅದರ ಬದಲು ಇದೇ ಬರುತ್ತದೆ ಎಂದರು. ಸಂಖ್ಯೆ ಬದಲಾದ ಮಾತ್ರಕ್ಕೆ ತಪ್ಪೊಪ್ಪಿಗೆಯಾಗುವುದಿಲ್ಲ, ಅಗ್ಗದ ಉಕ್ಕಿಗಾಗಿಯೂ ಬದಲಿಸಬಹುದು. ಆದರೆ ಕೇಳುವ ಪ್ರಶ್ನೆಗೆ ಅದು ಬಲ ಕೊಡುತ್ತದೆ.

ಗೊತ್ತಿದ್ದೂ ಗ್ರಾಹಕನ ಮೇಲೆ ಹೊರಿಸಿದ್ದಕ್ಕೆ ಹೊರದೇಶದ ಒಂದು ನಿದರ್ಶನ ದಾಖಲೆಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಫೋಕಸ್, ಫಿಯೆಸ್ಟಾ ಮೊದಲಾದ ಕಾರುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತಿತ್ತು. ಅದರಲ್ಲಿ ಗುಣಮಟ್ಟದ ತೊಂದರೆ ಇದೆಯೆಂದು ತಿಳಿದಿದ್ದರೂ, ನೀವು ಓಡಿಸುವ ರೀತಿಯೇ ಕಾರಣವೆಂದು ಗ್ರಾಹಕರಿಗೆ ಹೇಳಲಾಗಿತ್ತು. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ದೂರುಗಳನ್ನು ನಡೆಸಿಕೊಂಡ ಈ ರೀತಿಗಾಗಿ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದನ್ನು ಓದಿದಾಗ ನಮ್ಮ ಸರ್ವಿಸ್ ಸೆಂಟರಿನ ಮ್ಯಾನೇಜರ್ ಹೇಳಿದ ಮಾತು ನೆನಪಾಯಿತು: ‘ನಿಮ್ಮ ಕಡೆ ರಸ್ತೆ ಹಂಗದಾವ್ರಿ ಸರ, ಎರಿ ಮಣ್ಣಿನ ಧೂಳು ಬ್ಯಾರೆ.’ ನಮ್ಮ ರಸ್ತೆಗಳನ್ನು ನಾನು ಸಮರ್ಥಿಸಲಾರೆ. ಆದರೆ ಚಾಲಕನ ಕಾಲ ಬಳಿ, ಕಾರಿನ ಒಳಗೆ ಕುಳಿತ ಸೆನ್ಸರಿಗೂ ಹೊಲದ ಧೂಳಿಗೂ ಏನು ನಂಟೆಂದು ಕೇಳಿದರೆ ಉತ್ತರವಿರಲಿಲ್ಲ.

ಇನ್ನು ಕೇಳುವುದೆಷ್ಟು ಎಂಬ ವಿಚಾರ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ತಾಯಿ ಅದನ್ನು ಮರಳಿ ಸುರಿದು ಬರಲು ಕಳುಹಿಸಿದಳು. ತನ್ನದಲ್ಲದ್ದು ಬೇಡ ಎಂಬುದನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ನನಗೆ ಅದರ ಇನ್ನೊಂದು ಮಗ್ಗುಲೂ ಕಾಣುತ್ತದೆ: ದಿನದಿನದ ತನ್ನ ಪಾಲು ಎಷ್ಟೆಂದು ಲಕ್ಕಮ್ಮನಿಗೆ ಖಚಿತವಾಗಿ ಗೊತ್ತಿತ್ತು. ಅಳತೆ ಗೊತ್ತಿಲ್ಲದವರಿಗೆ ಹೆಚ್ಚಾದದ್ದೂ ತಿಳಿಯದು, ಕಡಿಮೆಯಾದದ್ದೂ ತಿಳಿಯದು. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರ ಅವರ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದ್ದೂ ಅಳತೆಯ ಮಾತೇ. ವಾರಂಟಿಯ ಷರತ್ತು ದೋಷವಿರುವ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತವಾಗಿದ್ದರೆ, ಇಡೀ ಕಾರನ್ನೇ ಬದಲಿಸಿಕೊಡೆಂದು ಆದೇಶಿಸಲಾಗದು ಎಂದಿತು. ಆದ್ದರಿಂದ ಹೊಸ ಕಾರು ಕೇಳುವ ಯೋಚನೆಯನ್ನೇ ನಾವು ಮಾಡಲಿಲ್ಲ. ಕೆಟ್ಟ ಕಾಲಂ ಒಂದನ್ನೇ ಕೇಳಿದೆವು.

ಮೊದಲು ಮಾರಾಟಗಾರರಿಗೆ, ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಲಿಖಿತವಾಗಿ ಬರೆದೆವು. 2023ರ ಜಾಬ್ ಕಾರ್ಡಿನ ನಕಲು, ಅದೇ ದೋಷ ಮರುಕಳಿಸಿದ ದಿನಾಂಕ, ಸ್ಕ್ಯಾನರಿನಲ್ಲಿ ಕಂಡ ದೋಷಸಂಕೇತದ ಮುದ್ರಿತ ಪ್ರತಿ, ಎಲ್ಲ ಸರ್ವಿಸ್ ಬಿಲ್ಲುಗಳು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಮೂರು ವಾರ ಮೌನ. ಮತ್ತೆ ಬರೆದಾಗ ‘ಗುಡ್‌ವಿಲ್’ ಎಂಬ ಮಾತು ಬಂತು. ವಾರಂಟಿ ಮುಗಿದರೂ ಕಂಪನಿ ತನ್ನಿಚ್ಛೆಯಿಂದ ವೆಚ್ಚದ ಒಂದು ಪಾಲು ಹೊರುವುದಕ್ಕೆ ಆ ವ್ಯಾಪಾರದಲ್ಲಿ ಹಾಗೆನ್ನುತ್ತಾರೆ. ಅರ್ಧ ನಮ್ಮದು, ಅರ್ಧ ಅವರದು. ಜೊತೆಗೆ ಸಹಿ ಮಾಡಲು ಒಂದು ಕಾಗದ. ಅದರ ಕೊನೆಯಲ್ಲಿ, ಈ ಭಾಗದ ಬಗ್ಗೆ ಮುಂದೆ ಯಾವ ತಕರಾರನ್ನೂ ಎಲ್ಲಿಯೂ ಎತ್ತುವುದಿಲ್ಲವೆಂಬ ಸಾಲಿತ್ತು. ಮನೆಯವರು ಓದಿ, ‘ಇದು ಗುಡ್‌ವಿಲ್ ಅಲ್ರಿ, ಬಾಯಿಗೆ ಬೀಗ’ ಎಂದರು. ಹೊಸ ಕಾಲಂ ನಾಳೆ ಕೆಟ್ಟು ಯಾರಿಗಾದರೂ ಪೆಟ್ಟಾದರೆ? ಆ ಸಾಲನ್ನು ಹೊಡೆದುಹಾಕದೆ ಸಹಿ ಮಾಡಲಾರೆವೆಂದೂ, ವಾರಂಟಿಯ ಒಳಗೇ ದಾಖಲಾದ ದೂರಾದ್ದರಿಂದ ಅರ್ಧದ ಮಾತೇ ಬರದೆಂದೂ ಉತ್ತರಿಸಿದೆವು. ಕಡೆಗೆ ಕಾಲಂ ಪೂರ್ತಿ ಉಚಿತವಾಯಿತು. ಕೂಲಿಯನ್ನು ನಾವು ಕೊಟ್ಟೆವು. ಆ ಸಾಲು ಹೋಯಿತು.

ನಮಗೆ ಆದದ್ದು ರಾಮದುರ್ಗದ ಹುಡುಗನಿಗೆ ಆಗಲಿಲ್ಲ. ಅವನೂ ವಾರಂಟಿಯೊಳಗೇ ದೂರಿದ್ದ, ಬಾಯಿಮಾತಿನಲ್ಲಿ. ಜಾಬ್ ಕಾರ್ಡಿನಲ್ಲಿ ಬರೆದದ್ದು ‘ಜನರಲ್ ಚೆಕಪ್’ ಎಂದಷ್ಟೆ. ಅದೃಷ್ಟಕ್ಕೆ ಅವನ ಮೊಬೈಲಿನಲ್ಲಿ, ದೀಪ ಹತ್ತಿದ್ದು, ಕಿಲೋಮೀಟರ್ ಓದು 70,000ದ ಆಸುಪಾಸು ಇದ್ದದ್ದು ಕಾಣುವ ವಿಡಿಯೊ ಉಳಿದಿತ್ತು. ಹಣ ಕೊಡುವ ದಿನ ನನ್ನ ಮಾತು ಕೇಳಿ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಸಹಿ ಮಾಡಿದ, ಹಳೆಯ ಕಾಲಂ ಕೇಳಿ ಪಡೆದ. ಬಿಡಿಭಾಗದ ದೋಷ ಸಿದ್ಧಪಡಿಸಲು ತಜ್ಞರ ವರದಿ ಬೇಕಾದರೆ, ಪರೀಕ್ಷಿಸಲು ಆ ಭಾಗವೇ ಇಲ್ಲದಿದ್ದರೆ ಏನು ಮಾಡುವುದು? ಬೈಲಹೊಂಗಲದಲ್ಲಿ ಇಂಥ ಕಾಲಂ ಬಿಚ್ಚಿ ಬೆಸುಗೆ ಹಾಕಿ ನಾಲ್ಕೈದು ಸಾವಿರಕ್ಕೆ ಓಡಿಸಿಕೊಡುವ ನುರಿತ ಕೈಗಳಿವೆ. ಅವರ ಜಾಣ್ಮೆಯ ಮೇಲೆ ನನಗೆ ಗೌರವವಿದೆ. ಆದರೆ ಬೆಸುಗೆ ಬಿದ್ದ ಮೇಲೆ ಮೂಲ ದೋಷದ ಗುರುತು ಅಳಿಯುತ್ತದೆ. ಬಿಡಿಭಾಗಗಳನ್ನು ಹೊರಗಿನ ಪೇಟೆಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂ. ದಂಡ ಹಾಕಿತ್ತು. ಆ ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. ಇಷ್ಟು ಸಣ್ಣ ಸೆನ್ಸರಿಗಾಗಿ ಇಡೀ ಕಾಲಂ ಕೊಳ್ಳುವ ಪಾಡು ಹಾಗೆಯೇ ಇದೆ.

ಬಾಡಿಗೆ ಗಾಡಿಯವನು ಗ್ರಾಹಕನೇ ಅಲ್ಲವೆಂದು ಯಾರೋ ಅವನನ್ನು ಹೆದರಿಸಿದ್ದರು. ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ ಹೊರಗಿಡುವುದು ನಿಜ. ಆದರೆ ಸ್ವ-ಉದ್ಯೋಗದಿಂದ ಜೀವನೋಪಾಯ ಗಳಿಸಲೆಂದೇ ಕೊಂಡು ತಾನೇ ಬಳಸುವವನಿಗೆ ಆ ನಿರ್ಬಂಧ ಇಲ್ಲವೆಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಉದಾಹರಣೆಯೇ, ತಾನೇ ಓಡಿಸಿ ಬದುಕಲು ಆಟೋರಿಕ್ಷಾ ಕೊಂಡವನದು. ಹತ್ತು ಗಾಡಿ ಇಟ್ಟು ಚಾಲಕರಿಂದ ಓಡಿಸುವವನ ಮಾತು ಬೇರೆ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯಲ್ಲಿ ದೂರುದಾರ ತಾನಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೊದಲಾದರೆ ಎದುರಾಳಿಯ ಕಚೇರಿ ಇರುವಲ್ಲಿಗೆ, ಇಲ್ಲವೆ ವ್ಯಾಜ್ಯದ ಕಾರಣ ಹುಟ್ಟಿದ ಊರಿಗೆ ಹೋಗಬೇಕಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆಲ್ಲ ಈಗ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷದವರೆಗಿನ ಬೆಲೆಯ ವಸ್ತುವಿಗೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಹೊಸ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯೆಂಬ ಒಂದು ಅಧ್ಯಾಯವೇ ಇದೆಯೆಂದು ಹಲವರು ಅದನ್ನೇ ಹಿಡಿಯುತ್ತಾರೆ. ಅದು ದೋಷದಿಂದ ಮನುಷ್ಯನಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿಯ ವಿಷಯ. ಕೆಟ್ಟ ವಸ್ತುವಿನ ದುರಸ್ತಿಯ ಹಣವನ್ನು ಸರಕಿನ ದೋಷವೆಂಬ ನೆಲೆಯಲ್ಲೇ ಕೇಳಬೇಕು. ಇದನ್ನು ನನಗೆ ತಿಳಿಸಿದವರು ಬೈಲಹೊಂಗಲದ ಒಬ್ಬ ವಕೀಲರು, ಚಹದ ಅಂಗಡಿಯಲ್ಲಿ, ಯಾವ ಫೀಜೂ ಇಲ್ಲದೆ.

ಹುಡುಗ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ. ಅಲ್ಲಿಂದ ಕಂಪನಿಗೆ ಹೋದ ದೂರಿಗೆ ಬಂದ ಉತ್ತರ ಒಂದೇ ಸಾಲು, ವಾರಂಟಿ ಮುಗಿದಿದೆ. ಗೊತ್ತಿತ್ತೇ, ಇಲ್ಲವೇ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ನಂತರ 2024ರಲ್ಲಿ ಬೆಳಗಾವಿಯ ಆಯೋಗಕ್ಕೆ ದೂರು ಸಲ್ಲಿಸಿದ. ಎದುರಾಳಿಗಳ ಉತ್ತರ ಬಂದಾಗ ಮಾರಾಟಗಾರ ಕಂಪನಿಯನ್ನು ತೋರಿಸಿದ್ದ, ಕಂಪನಿ ಮಾರಾಟಗಾರನನ್ನು ತೋರಿಸಿತ್ತು. ಗಾಡಿಯ ದೋಷವನ್ನು ಗ್ರಾಹಕ ತಾಂತ್ರಿಕವಾಗಿ ಸಿದ್ಧಪಡಿಸಿಲ್ಲವೆಂಬ ಮಾತೂ ಇತ್ತು. ಹ್ಯುಂಡೈ ಕಂಪನಿ ಮತ್ತು ಶೈಲೇಂದ್ರ ಭಟ್ನಾಗರ್ ಅವರ ನಡುವಿನ ಮೊಕದ್ದಮೆಯಲ್ಲಿ, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಕಾರಿನ ಬಗ್ಗೆ, ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಗ್ರಾಹಕನ ಪರ ತೀರ್ಪಿತ್ತಿತು. ವೇಗ, ಬಲಗಳ ಸಿದ್ಧಾಂತ ಹಿಡಿದು ಡಿಕ್ಕಿಯ ಲೆಕ್ಕ ಹಾಕುವ ಭೌತಶಾಸ್ತ್ರದ ಪಂಡಿತನಾಗಿರಬೇಕೆಂದು ಗ್ರಾಹಕನಿಂದ ನಿರೀಕ್ಷಿಸಲಾಗದು ಎಂಬ ಅರ್ಥದ ಮಾತು ಅದರಲ್ಲಿದೆ. ಅವನ ವಕೀಲರು ಅದನ್ನು ಕಡತಕ್ಕೆ ಸೇರಿಸಿದ್ದಾರೆ.

ಇನ್ನೊಂದು ಕೆಲಸವನ್ನು ನಾವಿಬ್ಬರೂ ಮಾಡಿದೆವು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಮಿನಂತೆ, 2021ರ ಏಪ್ರಿಲ್ 1ರಿಂದ, ಸುರಕ್ಷತೆಗೆ ಅಪಾಯ ತರುವ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸೆಂದು ಕೇಂದ್ರ ಸರ್ಕಾರ ತಯಾರಕನಿಗೆ ಆದೇಶಿಸಬಹುದು. ತಯಾರಾಗಿ 7 ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯ. ಇಲ್ಲಿ ವಾರಂಟಿಯ ಗಡುವಿನ ಮಾತೇ ಇಲ್ಲ. ಆದರೆ ನಿಗದಿತ ಸಂಖ್ಯೆಯಷ್ಟು ಮಾಲೀಕರು ದೂರು ದಾಖಲಿಸಬೇಕು. ಒಬ್ಬೊಬ್ಬರೇ ಗುಡ್‌ವಿಲ್ ಪಡೆದು ಸುಮ್ಮನಾದರೆ ಆ ಸಂಖ್ಯೆ ಎಂದಿಗೂ ತುಂಬುವುದಿಲ್ಲ. ನಮ್ಮ ಕಾರು ಸರಿಯಾದ ಮೇಲೂ ನಾನು ದೂರು ದಾಖಲಿಸಿದ್ದು ಇದಕ್ಕೇ. ಕಾಯುವ ಕೋಣೆಯಲ್ಲಿ ಪರಿಚಯವಾದ ಮುರಗೋಡದ ಇಬ್ಬರು, ಎಂ.ಕೆ. ಹುಬ್ಬಳ್ಳಿಯ ಒಬ್ಬರು, ಕಿತ್ತೂರಿನ ಒಬ್ಬ ಹೆಣ್ಣುಮಗಳು, ಎಲ್ಲರಿಗೂ ದೂರವಾಣಿ ಮಾಡಿ ಹೇಳಿದೆವು. ಇಬ್ಬರು ದಾಖಲಿಸಿದರು. ಉಳಿದವರು, ‘ನಮ್ಮದು ರಿಪೇರಿ ಆಗೇತಲ್ರಿ ಸರ’ ಎಂದರು.

ಈ ಲೇಖನ ಬರೆಯುವ ಹೊತ್ತಿಗೆ ಹುಡುಗನ ದೂರು ಬೆಳಗಾವಿಯಲ್ಲಿ ವಿಚಾರಣೆಯಲ್ಲಿದೆ. ತಜ್ಞರ ಪರೀಕ್ಷೆಗೆ ಹಳೆಯ ಕಾಲಂ ಒಪ್ಪಿಸಲು ಅವನ ವಕೀಲರು ಅರ್ಜಿ ಕೊಟ್ಟಿದ್ದಾರೆ. ಸಹಕಾರಿ ಸಂಘದ ಸಾಲದಲ್ಲಿ ಇನ್ನೂ ಕೆಲವು ಕಂತು ಉಳಿದಿವೆ. ವಾಯಿದೆಯ ದಿನ ಬಾಡಿಗೆ ಬಿಡಬೇಕಾಗುತ್ತದೆಂದು, ಬೆಳಗಾವಿಗೆ ಹೋಗುವ ಪ್ರಯಾಣಿಕರು ಸಿಕ್ಕರೆ ಅವರನ್ನೇ ಕೂಡಿಸಿಕೊಂಡು ಹೋಗುತ್ತಾನೆ. ಆ ಕಾಲಂ ಅವನ ಮನೆಯ ಮಗ್ಗದ ಕೋಣೆಯಲ್ಲಿ, ಒಂದು ಗೋಣಿಚೀಲದಲ್ಲಿ ಸುತ್ತಿಟ್ಟಿದೆ.